ಅರ್ಧ ನರ್ಸಿನ ಸೋದರಮಾವ

ನವೆಂಬರ್ 14

ಶೆಡ್ಡಿನ ಮಾಡಿನಿಂದ ನಾನು ಬೀಳಲಿಲ್ಲ. ಮಾಡೇ ನನ್ನ ಕಾಲಡಿಯಿಂದ ಜಾರಿಕೊಂಡಿತು. ಊರವರು ಬೇರೆ ರೀತಿ ಹೇಳಿಕೊಂಡು ತಿರುಗುತ್ತಿದ್ದಾರಂತೆ, ತಿರುಗಲಿ. ಅಷ್ಟು ಎತ್ತರದಿಂದ ಇನ್ನೊಬ್ಬ ಬಿದ್ದಿದ್ದರೆ ಚರ್ಚಿನ ಗಂಟೆ ಬಾರಿಸಬೇಕಾಗುತ್ತಿತ್ತು. ಈಸಾ ಪಾರ್ಡಿಗೆ ಸೊಂಟದ ಮೂಳೆಯೊಂದು ಮುರಿಯಿತು, ಅಷ್ಟೆ. ಪೇಟೆಯ ಡಾಕ್ಟರು ಅದಕ್ಕೆ ಉಕ್ಕಿನ ಮೊಳೆ ಹೊಡೆದು, ಇಂಥ ಮೂಳೆ ಈ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲೇ ನೋಡಿಲ್ಲ ಎಂದರು. ಅರಿವಳಿಕೆಯ ಮಂಪರಿನಲ್ಲಿ ಕೇಳಿದ ಮಾತು, ಆದರೆ ಸರಿಯಾಗಿಯೇ ಕೇಳಿಸಿತು.

ಈಗ ಮನೆಯಲ್ಲಿದ್ದೇನೆ, ಅಡುಗೆಮನೆಯ ಒಲೆ ಪಕ್ಕದ ಮಂಚದ ಮೇಲೆ. ಎಡಗಾಲಿಗೆ ಭಾರ ಹಾಕಬಾರದಂತೆ. ಈ ಪುಸ್ತಕ ಕೊಟ್ಟವನು ಸೆಲ್ಬಿ. "ಮಾವ, ದಿನಾ ರೇಡಿಯೋ ಜೊತೆ ಜಗಳ ಆಡೋ ಬದಲು ಇದ್ರಲ್ಲಿ ಬರಿ," ಎಂದ. ಬರೆಯುವುದು ನನಗೇನು ಕಷ್ಟ. ನಮ್ಮೂರು ಸ್ಕಿಲೆಟ್ ಕೋವಿನ ಒಂದು ಕೋಣೆಯ ಶಾಲೆಯಲ್ಲಿ ಆರನೇ ತರಗತಿಯವರೆಗೆ ನನ್ನ ಅಕ್ಷರಕ್ಕೆ ಸಾಟಿಯಿರಲಿಲ್ಲ. ಆಮೇಲೆ ಮೀನಿಗೆ ಹೋದೆ.

ಸೆಲ್ಬಿ ನನ್ನ ತಂಗಿಯ ಮಗ. ಅವಳು ತೀರಿಕೊಂಡ ಮೇಲೆ ಈ ಮನೆಯಲ್ಲೇ ಬೆಳೆದ. ಏಡಿ ದೋಣಿಯಲ್ಲಿ ಗಂಡಸಿನ ಹಾಗೆ ದುಡಿಯುತ್ತಿದ್ದವನು, ಮೂವತ್ತರ ಹತ್ತಿರ ಬಂದಾಗ ಏನು ತಲೆ ಕೆಟ್ಟಿತೋ, ಪೇಟೆಗೆ ಹೋಗಿ ಓದಿ ನರ್ಸಾಗಿ ಬಂದ. ಪೂರ್ತಿ ನರ್ಸೂ ಅಲ್ಲ. ಲೈಸೆನ್ಸ್ ಪಡೆದ ಪ್ರಾಕ್ಟಿಕಲ್ ನರ್ಸ್ ಎಂದು ಎದೆಯ ಬಿಲ್ಲೆಯಲ್ಲಿದೆ. ಪೂರ್ತಿ ನರ್ಸಿಗಿಂತ ಓದು ಕಡಿಮೆ, ಸಂಬಳ ಕಡಿಮೆ, ಓಡಾಟ ಮಾತ್ರ ಜಾಸ್ತಿ. ಹಾಗಾಗಿ ನಾನು ಅರ್ಧ ನರ್ಸು ಎನ್ನುತ್ತೇನೆ. ಕೊಲ್ಲಿಯ ಆಚೆ ದಡದ ವೃದ್ಧರ ಆರೈಕೆ ಮನೆಯಲ್ಲಿ ಮುದುಕರ ಅಂಡು ತೊಳೆಯುವುದಕ್ಕೆ ಲೈಸೆನ್ಸ್ ಬೇಕೆಂದು ಈ ಸರ್ಕಾರಕ್ಕೆ ಯಾರು ಹೇಳಿದರೋ.

ನಾನು ಸುಮ್ಮನೆ ಕೂತವನಲ್ಲ. ದೇಶದ ಪಶ್ಚಿಮ ಭಾಗದಲ್ಲಿ ನೆಲದಿಂದ ಎಣ್ಣೆ ತೆಗೆಯುವ ಕ್ಯಾಂಪಿನಲ್ಲಿ ನನ್ನ ಚಿಕ್ಕಪ್ಪನ ಮಗ ಕ್ಲಾರ್ ಮೇಸ್ತ್ರಿ. ಅವನಿಗೆ ಫೋನ್ ಮಾಡಿ ಸೆಲ್ಬಿಗೆ ದೊಡ್ಡ ಟ್ರಕ್ ಓಡಿಸುವ ಕೆಲಸ ಹಿಡಿದಿಟ್ಟಿದ್ದೇನೆ. ಇಲ್ಲಿನ ಎರಡು ಸಂಬಳ ಅಲ್ಲಿನ ಒಂದಕ್ಕೆ ಸಮ. ಕ್ರಿಸ್‌ಮಸ್ ಹಬ್ಬದ ಹನ್ನೆರಡು ದಿನ ಮುಗಿದ ಕೂಡಲೇ ಅವನು ಬರುತ್ತೇನೆ ಅಥವಾ ಇಲ್ಲ ಎನ್ನಬೇಕು. ಬರುತ್ತೇನೆ ಅನ್ನದೆ ಇನ್ನೇನು ಅಂದಾನು. ಅರ್ಧ ನರ್ಸಿನ ಸಂಬಳದಲ್ಲಿ ಯಾರು ಸುಖವಾಗಿ ಬಾಳಿದ್ದಾರೆ.

ನವೆಂಬರ್ 17

ರಕ್ತ ಹೆಪ್ಪುಗಟ್ಟಬಾರದೆಂದು ಹೊಟ್ಟೆಗೆ ದಿನಾ ಒಂದು ಸೂಜಿ. ನನಗೆ ಸೂಜಿಯ ಭಯವಿಲ್ಲ. ಗಾಳದ ಕೊಕ್ಕೆ ಅಂಗೈಯಲ್ಲಿ ಈ ಕಡೆಯಿಂದ ಆ ಕಡೆಗೆ ಹೋದಾಗಲೂ ಹಾಡುತ್ತಿದ್ದವನು. ಇವತ್ತೂ ಹಾಡಿದೆ. ಸ್ವಲ್ಪ ಜೋರಾಗಿ ಹಾಡಿದೆ.

"ಮಾವ, ಕಣ್ಣು ಬಿಡು, ಮುಗೀತು."

"ಯಾವಾಗ ಚುಚ್ಚಿದೆ?"

"ನೀನು ಎರಡನೇ ಸಾಲು ಮರೆತು ಮೊದಲನೇದನ್ನೇ ಮತ್ತೆ ಶುರು ಮಾಡಿದೆಯಲ್ಲ, ಆವಾಗ."

ಗೊತ್ತಾಗಲೇ ಇಲ್ಲ. ಚರ್ಮ ಗಟ್ಟಿ ನಂದು.

ನವೆಂಬರ್ 18

ಸ್ನಾನದ ವಿಷಯ ಬರೆಯುವುದಿಲ್ಲ.

ನವೆಂಬರ್ 19

ಬರೆಯುತ್ತೇನೆ. ಹೊದಿಕೆ ತೆಗೆಯದೆ, ಒಂದೊಂದೇ ಕಡೆ ಮಾತ್ರ ಸರಿಸಿ, ಬಿಸಿನೀರಿನ ಬಟ್ಟೆಯಲ್ಲಿ ಇಡೀ ಮೈ ಒರೆಸಿದ. ಅಷ್ಟು ಹೊತ್ತೂ ಏಡಿಯ ರೇಟು, ಹವಾಮಾನ, ನನ್ನ ಓರಗೆಯ ಹೇವರ್ಡನ ಕುಂಟು ನಾಯಿ ಅಂತ ಏನೇನೋ ಮಾತಾಡಿಸುತ್ತಿದ್ದ. ನಾಚಿಕೆಪಡಬೇಕೆಂದು ನೆನಪಾಗುವಷ್ಟರಲ್ಲಿ ಮೈಮೇಲೆ ಒಣ ಅಂಗಿಯಿತ್ತು. ಕಳ್ಳನ ಕೈ ಅವನದು. ಎಲ್ಲಿ ಕಲಿತನೋ.

ನವೆಂಬರ್ 27

ನನ್ನನ್ನು ನೋಡಲು ಜನ ಬರುತ್ತಲೇ ಇದ್ದಾರೆ. ಈ ಕೊಲ್ಲಿಯಲ್ಲಿ ಇಷ್ಟು ಜನ ಮಾತಾಡಿಸಲು ಬರುವ ರೋಗಿ ಬೇರೆ ಯಾರೂ ಇಲ್ಲ. ಆದರೆ ಒಂದು ಸಂಗತಿ ಗಮನಿಸಿದೆ. ಎಲ್ಲರೂ ಸೆಲ್ಬಿಗೆ ರಜಾ ಇರುವ ದಿನವೇ ಬರುತ್ತಾರೆ. ಬಂದು, "ಹೇಗಿದ್ದೀರಿ ಈಸಾ ಮಾವ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಅವನ ಕಡೆ ತಿರುಗಿ ಕಾಲುಚೀಲ ಕಳಚುತ್ತಾರೆ. ಒಬ್ಬನಿಗೆ ಪಾದ ಬಾವು. ಇನ್ನೊಬ್ಬಳಿಗೆ ಎರಡು ಮಾತ್ರೆಗಳಲ್ಲಿ ಬೆಳಗಿನದು ಯಾವುದು ಎಂಬ ಅನುಮಾನ. ಪಕ್ಕದ ಮನೆ ಟ್ರೈಫಿನಾಗೆ ಕಿವಿಯಲ್ಲಿ ದೋಣಿಯ ಎಂಜಿನ್ ಶಬ್ದ.

ಅವನು ಎಲ್ಲರಿಗೂ ಒಂದೇ ಮಾತು ಹೇಳುತ್ತಾನೆ. "ನಾನು ಡಾಕ್ಟರಲ್ಲ. ನಾಳೇನೇ ಕ್ಲಿನಿಕ್‌ಗೆ ಫೋನ್ ಮಾಡಿ, ಹೀಗೀಗೆ ಅಂತ ಹೇಳಿ." ಅಷ್ಟಕ್ಕೇ ಅವರ ಮುಖ ಅರಳುತ್ತದೆ.

ಸರಿ, ಬರುವ ಜನಕ್ಕೆ ಒಂದು ಶಿಸ್ತು ಬೇಡವೇ. ಮಂಚದಿಂದಲೇ ಸಾಲು ಮಾಡಿಸಲು ಶುರು ಮಾಡಿದೆ. ಪಾದಕ್ಕೆ ಒಂದು ಬಾಟಲಿ ಜೌಗಿನ ಕಾಡುಹಣ್ಣಿನ ಜಾಮ್, ಕಿವಿಗೆ ಎರಡು ಕಡಲಹಕ್ಕಿ, ಮಾತ್ರೆಯ ಅನುಮಾನಕ್ಕೆ ಒಂದು ತುಂಡು ಮೂಸ್ ಜಿಂಕೆಯ ಮಾಂಸ ಎಂದು ದರ ನಿಗದಿ ಮಾಡಿದೆ. ಮಧ್ಯಾಹ್ನದೊಳಗೆ ಹಿಂಬಾಗಿಲ ಹತ್ತಿರ ಅಂಗಡಿಯೇ ನೆರೆಯಿತು.

ಸೆಲ್ಬಿ ನೋಡಿದ. ಅವನು ಸಿಟ್ಟಾದರೆ ಧ್ವನಿ ತಗ್ಗಿಸುತ್ತಾನೆ, ಅಮ್ಮನ ಗುಣ.

"ಮಾವ, ಇದೇನಿದು?"

"ಪ್ರೀತಿಯಿಂದ ಕೊಟ್ಟಿದ್ದು ಕಣೋ."

"ಯಾರ ಕೈಲೋ ಬಾಗಿಲಿಗೆ ರೇಟ್ ಬರೆದು ಅಂಟಿಸಿದ್ದೀಯಲ್ಲ. ಯಾರಾದ್ರೂ ಫೋಟೋ ತೆಗೆದ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಹೊರಗಡೆ ವೈದ್ಯ ಮಾಡಿ ಸಾಮಾನು ತಗೊಳ್ಳೋ ಹಾಗಿಲ್ಲ ನಾವು."

"ಅರ್ಧ ಲೈಸೆನ್ಸಿಗೆ ಎಷ್ಟೊಂದು ಕಟ್ಟುಪಾಡು."

"ಪೂರ್ತಿ ಲೈಸೆನ್ಸೇ ಮಾವ ಅದು."

ಸಂಜೆಯೆಲ್ಲ ಮನೆಮನೆ ತಿರುಗಿ ಒಂದೊಂದನ್ನೂ ವಾಪಸ್ ಕೊಟ್ಟು ಬಂದ. ಹಕ್ಕಿಗಳು ಮಾತ್ರ ಆಗಲೇ ಒಲೆಯಲ್ಲಿದ್ದವು.

ಡಿಸೆಂಬರ್ 5

ಹೇವರ್ಡ್ ಬಂದಿದ್ದ. ಅವನೂ ನಾನೂ ಐವತ್ತು ವರ್ಷದಿಂದ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದೇವೆ. ಅವನ ಮಗಳು ಡ್ಯಾಫ್ನಿ ಅಂಚೆ ಕಚೇರಿ ನೋಡಿಕೊಳ್ಳುತ್ತಾಳೆ. ಅವಳೂ ಸೆಲ್ಬಿಯೂ ಮದುವೆಯಾಗುವವರು. ಹೇವರ್ಡನ ಮನೆಗಿಂತ ಮೇಲೆ, ದಿಣ್ಣೆಯಲ್ಲಿ, ಕಡಲಿಗೆ ಮುಖಮಾಡಿದ ಒಂದು ಜಾಗವಿದೆ. ಅಲ್ಲಿ ಮನೆ ಕಟ್ಟಿಕೊಳ್ಳಲು ಕೊಡುತ್ತೇನೆ, ಆದರೆ ಹುಡುಗ ಮೊದಲು ಕ್ಯಾಂಪಿಗೆ ಹೋಗಿ ನಾಲ್ಕು ವರ್ಷ ದುಡಿಯಲಿ ಎನ್ನುತ್ತಾನೆ. ಈ ಮಟ್ಟಿಗೆ ನಾವಿಬ್ಬರೂ ಒಂದೇ ಪಕ್ಷ.

ಚಹಾ ಹೀರುತ್ತ ಹೇವರ್ಡ್ ಹೇಳಿದ, "ಒಳ್ಳೆ ಹುಡುಗ ಕಣಯ್ಯ. ಆದ್ರೆ ಅರ್ಧ ನರ್ಸು ತಂದ್ರೆ ಅರ್ಧ ರೊಟ್ಟಿ."

ನಾನೇ ಕೊಟ್ಟ ಹೆಸರು. ಆದರೂ ಅವನ ಬಾಯಲ್ಲಿ ಕೇಳಿದಾಗ ಹಲ್ಲಿಗೆ ಮರಳು ಸಿಕ್ಕಿದಂತಾಯಿತು.

"ಅರ್ಧ ಯಾಕೆ? ರಾತ್ರಿ ಪಾಳಿಗೆ ಬೇರೆ ದುಡ್ಡು, ಹಬ್ಬದ ದಿನಕ್ಕೆ ಬೇರೆ ದುಡ್ಡು. ಯೂನಿಯನ್ ಇದೆ. ಹಲ್ಲು ಕಟ್ಟಿಸೋಕೂ ಅವರೇ ಕೊಡ್ತಾರೆ. ಕೊನೇಲಿ ಪಿಂಚಣಿ. ನಿನಗಿದೆಯಾ ಪಿಂಚಣಿ? ನಿನ್ನ ಬಾಯಲ್ಲಿ ಹಲ್ಲಾದ್ರೂ ಇದೆಯಾ?"

"ಹಾಗಾದ್ರೆ ಇಲ್ಲೇ ಇರ್ಲಿ ಅಂತೀಯಾ?"

"ಹಾಗೆ ಯಾರು ಅಂದ್ರು. ಹೋಗ್ಲಿ ಅಂತಾನೇ ನಾನು ಹೇಳೋದು. ನೀನು ಲೆಕ್ಕ ತಪ್ಪು ಹೇಳ್ಬೇಡ, ಅಷ್ಟೆ."

ಬಾಗಿಲ ಬಳಿ ಬೂಟು ಕಳಚುತ್ತಿದ್ದ ಸೆಲ್ಬಿ ಕೇಳಿಸಿಕೊಂಡಿರಬೇಕು. ಹೇವರ್ಡ್ ಹೋದ ಮೇಲೆ, "ಪಿಂಚಣಿ ವಿಷಯ ನಿನಗೆ ಯಾರು ಹೇಳಿದ್ರು ಮಾವ?" ಎಂದ. ಅವನ ಯೂನಿಯನ್ ಕಾಗದಗಳನ್ನು ಓದಿದ್ದು ಹೊತ್ತು ಹೋಗದೆ. ಮಂಚದ ಮೇಲೆ ಬಿದ್ದವನು ಏನಾದರೂ ಓದಬೇಕಲ್ಲ.

ಡಿಸೆಂಬರ್ 13

ಎರಡು ದಿನ ಹಿಮಗಾಳಿ. ಆಚೆ ದಡದ ರಸ್ತೆ ಪೂರ್ತಿ ಮುಚ್ಚಿದೆ. ಸೆಲ್ಬಿಯ ಪಾಳಿ ಮುಗಿದರೂ ಮುಂದಿನ ಪಾಳಿಯವರು ಬರಲಾಗದೆ ಅವನು ಅಲ್ಲೇ ಉಳಿದ. ಡ್ಯಾಫ್ನಿ ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಬಂದು ನನಗೆ ಉಪ್ಪುಮೀನು ಬೇಯಿಸಿ, ಗಟ್ಟಿ ಬ್ರೆಡ್ಡು ನೆನೆಸಿ, ಮೇಲೆ ಹಂದಿಕೊಬ್ಬು ಹುರಿದು ಹಾಕಿದಳು. ಕೊಬ್ಬು ಸ್ವಲ್ಪ ಕಡಿಮೆ ಹಾಕಿದಳು, ಸೆಲ್ಬಿ ಹೇಳಿಕೊಟ್ಟಿದ್ದಾನಂತೆ.

"ನೀನೇನಮ್ಮ ಹೇಳ್ತೀಯ?" ಎಂದು ಕೇಳಿದೆ. "ಹೋಗ್ಬೇಕಾ ಅವನು?"

"ಹೋಗು ಅಂತಾನೂ ನಾನು ಹೇಳಲ್ಲ, ಇರು ಅಂತಾನೂ ಹೇಳಲ್ಲ ಮಾವ. ಏನು ಹೇಳಿದ್ರೂ ನಾಳೆ ನನ್ನ ತಲೆಗೇ ಬರುತ್ತೆ. ನೀವಿಬ್ಬರು ಗಂಡಸರು ದಿನಾ ಹೇಳ್ತಾನೇ ಇದ್ದೀರಲ್ಲ, ಸಾಕು."

"ನಾನೇನು ದಿನಾ ಹೇಳ್ತೀನಾ?"

"ಊಟಕ್ಕೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ."

ಹುಡುಗಿ ಬಾಯಿ ಚುರುಕು. ಅಪ್ಪನ ಗುಣ ಬಂದಿಲ್ಲ, ಪುಣ್ಯ.

ಡಿಸೆಂಬರ್ 14

ಸೆಲ್ಬಿ ಮಧ್ಯಾಹ್ನ ಬಂದ. ಕಣ್ಣು ಕೆಂಪು. ಆರೈಕೆ ಮನೆಯಲ್ಲಿದ್ದ ಮುದುಕ ಓಬಡಾಯ ತೀರಿಹೋದನಂತೆ. ನಾನು ಮೊದಲು ಸಮುದ್ರಕ್ಕೆ ಹೋದದ್ದು ಅವನ ದೋಣಿಯಲ್ಲಿ. ಅವನೊಬ್ಬನ ಹತ್ತಿರವೇ ನನ್ನ ಬಡಾಯಿ ನಡೆಯುತ್ತಿರಲಿಲ್ಲ.

"ಕೊನೇಲಿ ಏನಂದ?"

"ಕಡಲ ನೀರು ಏರ್ತಿದೆಯಾ ಇಳೀತಿದೆಯಾ ಅಂತ. ಅದೊಂದೇ ಕೇಳ್ತಿದ್ದ. ನಾನು ಕಿಟಕಿ ಹತ್ರ ಹೋಗಿ ನೋಡಿ ನೋಡಿ ಹೇಳ್ತಿದ್ದೆ."

"ಆ ಹಿಮಗಾಳೀಲಿ ಕಿಟಕಿಯಿಂದ ಏನು ಕಾಣುತ್ತೋ?"

"ಏನೂ ಕಾಣ್ತಿರ್ಲಿಲ್ಲ ಮಾವ."

ಆಮೇಲೆ ಬಹಳ ಹೊತ್ತು ಒಲೆಗೆ ಸೌದೆ ಒಟ್ಟಿದೆ. ಕೋಲು ಹಿಡಿದು ಎದ್ದು ನಾನೇ ಒಟ್ಟಿದೆ. ಅವನು ಬೈಯಲಿಲ್ಲ, ಕೂತಲ್ಲೇ ನಿದ್ದೆ ಹೋಗಿದ್ದ.

ಡಿಸೆಂಬರ್ 21

ಸೆಲ್ಬಿ ಹೇಳಿದ, "ನೀನು ಗೆದ್ದೆ ಮಾವ. ಕ್ಯಾಂಪಿಗೆ ಹೋಗ್ತೀನಿ. ಹಬ್ಬ ಮುಗಿದ ತಕ್ಷಣ ಕ್ಲಾರ್‌ಗೆ ಫೋನ್ ಮಾಡ್ತೀನಿ. ಆ ಜಾಗ ಸಿಗುತ್ತೆ, ಈ ಮನೆಗೂ ಹೊಸ ಮಾಡು ಹಾಕಿಸ್ಬಹುದು."

ಒಳ್ಳೆಯದಾಯಿತು ಎಂದೆ. ಈಸಾ ಪಾರ್ಡಿ ಹಿಡಿದ ಕೆಲಸ ಬಿಟ್ಟದ್ದಿಲ್ಲ.

ಡಿಸೆಂಬರ್ 22

ಸಂತೋಷವಾಗಿದ್ದೇನೆ. ಊಟ ಸೇರಲಿಲ್ಲ. ಆಲೂಗಡ್ಡೆ ಸರಿಯಾಗಿ ಬೆಂದಿರಲಿಲ್ಲ.

ಡಿಸೆಂಬರ್ 24

ಈ ಮಾಡಿಗೆ ಏನಾಗಿದೆ? ಇನ್ನೂ ಹತ್ತು ವರ್ಷ ತಡೆಯುತ್ತದೆ.

ಡಿಸೆಂಬರ್ 29

ಮುಸುಕಿನವರು ಶುರುವಾಗಿದ್ದಾರೆ. ಕ್ರಿಸ್‌ಮಸ್ಸಿನಿಂದ ಜನವರಿ ಆರರವರೆಗೆ ಗಂಡಸರು ಲಂಗ ತೊಟ್ಟು, ಹೆಂಗಸರು ಬೆಸ್ತರ ಮಳೆಯಂಗಿ ಹಾಕಿಕೊಂಡು, ಮುಖಕ್ಕೆ ದಿಂಬಿನ ಚೀಲವೋ ಕಿಟಕಿಯ ಪರದೆಯೋ ಇಳಿಬಿಟ್ಟು ಮನೆಮನೆಗೆ ನುಗ್ಗುತ್ತಾರೆ. ಧ್ವನಿಯ ಗುರುತು ಸಿಗಬಾರದೆಂದು ಉಸಿರು ಒಳಗೆಳೆದುಕೊಳ್ಳುತ್ತಲೇ ಮಾತಾಡುತ್ತಾರೆ. ಯಾರೆಂದು ಮನೆಯವರು ಗುರುತಿಸಿದರೆ ಮುಸುಕು ತೆಗೆಯಬೇಕು. ಗುರುತಿಸುವವರೆಗೆ ಏನು ಬೇಕಾದರೂ ಅನ್ನಬಹುದು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವ ಹಾಗಿಲ್ಲ. ಯಾರಿಗೂ ಗುರುತು ಸಿಗದೆ ಹೋದವನು ಆಮೇಲೆ ಅದು ತಾನೇ ಎಂದು ಬಾಯಿಬಿಟ್ಟರೆ ಅವನಿಗಿಂತ ಹೇಡಿ ಇಲ್ಲ.

ನಾನು ಪ್ರಾಯದಲ್ಲಿ ಒಂದು ವರ್ಷವೂ ಸಿಕ್ಕಿಬಿದ್ದವನಲ್ಲ. ಈಗ ಕೋಲಿನಲ್ಲಿ ನಡೆಯಬಹುದು ಎಂದು ಪೇಟೆಯ ಡಾಕ್ಟರೂ ಹೇಳಿದ್ದಾರೆ. ನೋಡೋಣ.

ಜನವರಿ 4

ಟ್ರೈಫಿನಾಳ ಮನೆಯ ಹಿಮದ ಜಾರುಬಂಡಿಯೊಂದು ಬೇಕಾಯಿತು, ಅದು ಬಿಟ್ಟರೆ ಇದನ್ನು ನನ್ನ ಹೊರತು ಯಾರೂ ಮಾಡಲಾರರು.

ಸುಮ್ಮನೆ ತಮಾಷೆಗೆ ಹೊರಟದ್ದು. ಹೇವರ್ಡನಿಗೆ ನನ್ನನ್ನು ಗುರುತಿಸಲಾಗುತ್ತದೋ ಇಲ್ಲವೋ ನೋಡಲು. ಸೆಲ್ಬಿ ಸಂಜೆ ಆರಕ್ಕೆಲ್ಲ ಹೇವರ್ಡನ ಮನೆಗೆ ಊಟಕ್ಕೆ ಹೋಗಿದ್ದ. ಅವನು ಹೋದ ಕೂಡಲೇ ಟ್ರೈಫಿನಾ ತನ್ನ ಹೂವಿನ ಗೌನು ತಂದಳು. ಬೆನ್ನಿಗೆ ದಿಂಬು ಕಟ್ಟಿ, ಮುಖಕ್ಕೆ ಕಸೂತಿ ಪರದೆ ಹಾಕಿ, ಕೈಗೆ ಒಲೆಯ ಗವುಸು ತೊಡಿಸಿದಳು. ಅವಳು ಮೀನುಗಾರನಾದಳು. ನನ್ನನ್ನು ಜಾರುಬಂಡಿಯಲ್ಲಿ ಕೂರಿಸಿ ಹೇವರ್ಡನ ಬಾಗಿಲವರೆಗೆ ಎಳೆದಳು.

"ಎಲ್ಲಿಂದ ಬಂತಪ್ಪ ಈ ಮುದುಕಿ," ಎಂದು ಹೇವರ್ಡ್ ನನ್ನ ಸುತ್ತ ಒಂದು ಸುತ್ತು ಬಂದ. "ಬೆನ್ನು ನೋಡಿದ್ರೆ ಒಂಟೆ, ಪಾದ ನೋಡಿದ್ರೆ ಕುದುರೆ. ಏನಜ್ಜಿ, ಗಂಡು ಹುಡುಕ್ತಿದ್ದೀಯಾ?"

ಉಸಿರು ಒಳಗೆಳೆದುಕೊಂಡು ಹೇಳಿದೆ, "ಹುಡುಕ್ತಿದ್ದೀನಿ. ನಿನ್ನಂಥ ಬೊಕ್ಕಬಾಯಿ ಬೇಡ. ಊರಲ್ಲಿ ಅರ್ಧ ನರ್ಸು ಒಬ್ಬ ಇದ್ದಾನಂತಲ್ಲ, ಅವನು ಆಗಬಹುದು."

ಡ್ಯಾಫ್ನಿ ನಕ್ಕಳು. ಸೆಲ್ಬಿ ತಟ್ಟೆ ನೋಡುತ್ತ ಕೂತಿದ್ದ.

"ಅವನ ಸಂಬಳ ನಿನ್ನ ಗೌನಿಗೂ ಸಾಲಲ್ಲ ಮುದುಕಿ. ಕ್ಯಾಂಪಿಂದ ಬರ್ಲಿ, ಆಮೇಲೆ ಕೇಳು."

ಅಲ್ಲಿಗೆ ಬಿಟ್ಟುಬಿಡಬೇಕಿತ್ತು. ಆದರೆ ಮುದುಕಿಯ ವೇಷ ಹಾಕಿದ ಮೇಲೆ ಮುದುಕಿಯ ಹಾಗೆ ಮಾತಾಡಬೇಕಲ್ಲ.

"ಯಾಕೆ ಸಾಲಲ್ಲ?" ಎಂದೆ. "ಏಡಿ ಬರ್ಲಿ ಬಿಡ್ಲಿ, ಸಮುದ್ರ ಹೆಪ್ಪುಗಟ್ಲಿ, ಎರಡು ವಾರಕ್ಕೊಮ್ಮೆ ಅವನ ಸಂಬಳ ಬರುತ್ತೆ. ನಿನಗೆ ಯಾವ ವರ್ಷ ಹಾಗೆ ಬಂದಿತ್ತು? ಪೇಟೇಲಿದ್ರೆ ಬಾಡಿಗೆಗೇ ಅರ್ಧ ಹೋಗ್ತಿತ್ತು, ಒಪ್ತೀನಿ. ಇಲ್ಲಿ ಬಾಡಿಗೆ ಯಾರಿಗೆ ಕೊಡ್ಬೇಕು? ಸೌದೆ ಕಾಡಲ್ಲಿದೆ, ಮೀನು ನೀರಲ್ಲಿದೆ, ಅಂಚೆ ಹುಡುಗಿಗೆ ತನ್ನದೇ ಸಂಬಳ ಇದೆ. ಹೊಸ ಟ್ರಕ್ ಬರಲ್ಲ, ಹಳೇದನ್ನೇ ತಳ್ಕೊಂಡು ಹೋಗ್ಬೇಕು. ಚಳಿಗಾಲಕ್ಕೆ ಫ್ಲೋರಿಡಾಗೆ ಹೋಗಿ ಬಿಸಿಲು ಕಾಯೋಕಾಗಲ್ಲ. ಅಷ್ಟೇ ಅಲ್ವಾ? ಪಾಳಿ ಮುಗಿದ್ರೆ ಮನೆಗೆ ಬರ್ತಾನೆ. ಒಲೆ ಮುಂದೆ ಕೂತು ಬಿಸಿ ಚಹಾ ಕುಡೀತಾನೆ. ಕ್ಯಾಂಪಿಂದ ದುಡ್ಡು ಬರುತ್ತೆ, ಅದು ಬಂದು ಕುರ್ಚೀಲಿ ಕೂರುತ್ತಾ? ನಾಳೆ ನೀನು ಸಾಯೋ ಹೊತ್ತಿಗೆ ನೀರು ಏರ್ತಿದೆಯಾ ಇಳೀತಿದೆಯಾ ಅಂತ ನಿನಗೆ ಹೇಳೋರು ಯಾರು, ಕ್ಲಾರ್‌ನ ಟ್ರಕ್ಕಾ?"

ಒಳಗೆಳೆದ ಉಸಿರಿನಲ್ಲಿ ಅಷ್ಟು ಉದ್ದ ಮಾತಾಡುವುದು ಬೇರೆಯವರಿಗೆ ಸಾಧ್ಯವಿಲ್ಲ. ಕಣ್ಣು ಕತ್ತಲಿಟ್ಟಿತು. ಹೇವರ್ಡ್ ಗಲ್ಲ ಕೆರೆದುಕೊಂಡು, "ಕೆಳಗಿನ ಕೇರಿ ಪಾದ್ರಿಯ ಅತ್ತೆ," ಎಂದ. ತಪ್ಪು ಎಂದು ತಲೆಯಾಡಿಸಿದೆ. "ಹಾಗಾದ್ರೆ ಆರೈಕೆ ಮನೆ ಮೇಟ್ರನ್." ಅದೂ ತಪ್ಪು. ಡ್ಯಾಫ್ನಿ ತನಗೆ ಗೊತ್ತಾಗುತ್ತಿಲ್ಲ ಎಂದಳು. ಸೆಲ್ಬಿ ನನ್ನನ್ನೇ ನೋಡುತ್ತಿದ್ದ. ಅವನೂ ಗೊತ್ತಿಲ್ಲವೆಂದ.

ಗುರುತಿಸಲಾಗದವರಿಗೆ ಒಂದು ಗುಟುಕು ರಮ್ಮು, ಒಂದು ಕುಣಿತ. ಹೇವರ್ಡ್ ಅಕಾರ್ಡಿಯನ್ ಎತ್ತಿಕೊಂಡ. ನಾನು ಎರಡು ಸುತ್ತು ಚೆನ್ನಾಗಿಯೇ ಕುಣಿದೆ. ಮೂರನೆಯದಕ್ಕೆ ನೆಲ ಸ್ವಲ್ಪ ಓರೆಯಾಯಿತು. ಬೀಳುವ ಮೊದಲೇ ಕಂಕುಳಡಿಯಲ್ಲಿ ಎರಡು ಕೈ ಬಂದವು.

"ಎಡಗಾಲಿಗೆ ಭಾರ ಹಾಕ್ಬೇಡಿ ಅಜ್ಜಿ," ಎಂದ ಸೆಲ್ಬಿ.

ಎಡಗಾಲು ಎಂದು ಅವನಿಗೆ ಹೇಗೆ ಗೊತ್ತಾಯಿತೋ. ಮುದುಕಿಯರಿಗೆಲ್ಲ ಹಾಗೆ ಹೇಳಬೇಕೆಂದು ಅವರ ಪುಸ್ತಕದಲ್ಲಿರಬೇಕು.

"ನಾನು ಮನೆವರೆಗೆ ಬಿಡ್ತೀನಿ ಬನ್ನಿ," ಎಂದು ಜಾರುಬಂಡಿಯನ್ನು ತಾನೇ ಎಳೆದ. ಟ್ರೈಫಿನಾ ರಮ್ಮು ಮುಗಿಸಲು ಅಲ್ಲೇ ಉಳಿದಳು. ದಾರಿಯಲ್ಲಿ ಬರೀ ಹಿಮದ ಕರಕರ ಶಬ್ದ.

"ಅಜ್ಜಿ, ಒಂದು ಮಾತು ಕೇಳ್ಲಾ?" ಎಂದ ಸ್ವಲ್ಪ ದೂರ ಬಂದ ಮೇಲೆ. "ನನ್ನ ಮಾವ ಹೋಗು ಅಂತಾನೆ. ನೀವು ಇರು ಅಂತೀರಿ. ಯಾರ ಮಾತು ಕೇಳ್ಬೇಕು?"

"ನಿನ್ನ ಮಾವ ಭಾರಿ ಬುದ್ಧಿವಂತ," ಎಂದೆ.

"ಗೊತ್ತು."

"ಆದ್ರೆ ಈ ಒಂದು ವಿಷಯದಲ್ಲಿ ನನ್ನ ಮಾತೇ ಕೇಳು."

ಅವನು ಹಗ್ಗವನ್ನು ಭುಜದ ಮೇಲೆ ಸರಿಮಾಡಿಕೊಂಡು ಮುಂದಕ್ಕೆ ಎಳೆದ. ಟ್ರೈಫಿನಾಳ ಬಾಗಿಲಲ್ಲಿ ಇಳಿಸಿ, "ನಿಧಾನ ಹೋಗಿ ಅಜ್ಜಿ, ಆತುರ ಏನೂ ಇಲ್ಲ. ನಾನು ಹೇಗೂ ಅಂಗಡಿ ಕಡೆಯಿಂದ ಸುತ್ತಿ ಮನೆಗೆ ಹೋಗೋನು," ಎಂದ. ಅಂಗಡಿ ಮುಚ್ಚಿ ಎರಡು ಗಂಟೆಯಾಗಿತ್ತು. ಹುಡುಗನಿಗೆ ಕೆಲವೊಮ್ಮೆ ಹೊತ್ತಿನ ಜ್ಞಾನವಿಲ್ಲ.

ಬೇಲಿ ಹಿಡಿದುಕೊಂಡು ಮನೆ ಸೇರಿದೆ. ಪರದೆ, ದಿಂಬು ಮಂಚದ ಕೆಳಗೆ ತಳ್ಳಿದೆ. ಗೌನಿನ ಗುಂಡಿ ಬೆನ್ನಿಗಿತ್ತು, ಬಿಚ್ಚಲಾಗಲಿಲ್ಲ. ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡೆ. ಅವನು ಬಾಗಿಲ ಹೊರಗೆ ಬೂಟಿನ ಹಿಮವನ್ನು ಬಹಳ ಹೊತ್ತು ಕೊಡವುತ್ತಿದ್ದ.

"ಎಚ್ಚರ ಇದ್ದೀಯಾ ಮಾವ? ಕಾಲು ನೋಡ್ಲಾ?"

"ಇವತ್ತು ಬೇಡ. ಚಳಿ."

"ಸರಿ, ಹಾಗೇ ಮಲ್ಕೋ," ಎಂದು ಇನ್ನೊಂದು ಕಂಬಳಿ ಹೊದಿಸಿ ದೀಪ ಸಣ್ಣದು ಮಾಡಿದ.

ಜನವರಿ 7

ಸೆಲ್ಬಿ ಕ್ಲಾರ್‌ಗೆ ಫೋನ್ ಮಾಡಿ ಬರುವುದಿಲ್ಲ ಎಂದುಬಿಟ್ಟ. ನನ್ನೆದುರಿಗೇ.

"ಯಾರನ್ನ ಕೇಳಿ ಹಾಗಂದೆ?"

"ಮೊನ್ನೆ ಒಂದು ಅಜ್ಜಿ ಸಿಕ್ಕಿತ್ತು ಮಾವ. ಅವರು ಹೇಳಿದ್ರು."

"ಸಾಕಿ ಬೆಳೆಸಿದ ಮಾವನ ಮಾತಿಗೆ ಬೆಲೆ ಇಲ್ಲ, ದಾರೀಲಿ ಹೋಗೋ ಮುದುಕಿ ಮಾತು ಕೇಳ್ತೀಯ," ಎಂದು ಚೆನ್ನಾಗಿ ಬೈದೆ. ಬೈಯುತ್ತಲೇ ಎರಡು ತಟ್ಟೆ ಊಟ ಮಾಡಿದೆ. ಆಲೂಗಡ್ಡೆ ಇವತ್ತು ಹದವಾಗಿ ಬೆಂದಿತ್ತು.

ಊಟದ ನಡುವೆ ಹೇವರ್ಡ್ ಬಂದು ಟೋಪಿ ತೆಗೆದು ಕೂತ. ಮನೆಯಲ್ಲಿ ಮೂರು ದಿನದಿಂದ ಡ್ಯಾಫ್ನಿ ಅವನ ಜೊತೆ ಮಾತು ಬಿಟ್ಟಿದ್ದಾಳಂತೆ. "ಆಯ್ತು ಕಣೋ ಸೆಲ್ಬಿ, ಜಾಗ ತಗೊಳ್ಳಿ. ಹಿಮ ಕರಗಿದ ಮೇಲೆ ಗೂಟ ಹೊಡೆಯೋಣ. ಕ್ಯಾಂಪೂ ಬೇಡ, ಗೀಂಪೂ ಬೇಡ," ಎಂದ. ಸೆಲ್ಬಿ ಅವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಇಬ್ಬರೂ ಒಳ್ಳೆ ರೇಟು ಸಿಕ್ಕಿದ ಬೆಸ್ತರ ಹಾಗೆ ಕೈಕುಲುಕುತ್ತ ನಿಂತರು.

ಆಮೇಲೆ ಹೇವರ್ಡ್ ನನ್ನ ಕಡೆ ತಿರುಗಿದ.

"ಆ ಮುದುಕಿ ಯಾರು ಅಂತ ಊರೆಲ್ಲ ವಿಚಾರಿಸಿದೆ ಕಣಯ್ಯ, ಗೊತ್ತಾಗ್ಲಿಲ್ಲ. ಎಂಥ ಬುದ್ಧಿ, ಎಂಥ ಮಾತು. ನೀನು ಎಪ್ಪತ್ತು ವರ್ಷ ಬಾಯಿ ಬಡ್ಕೊಂಡ್ರೂ ಅವಳ ಒಂದು ಸಂಜೆ ಮಾತಿಗೆ ಸಮ ಬರಲ್ಲ. ಒಪ್ಕೋ."

ಸೆಲ್ಬಿ ಕೆಟಲಿನ ಕಡೆ ಮುಖ ಮಾಡಿ ನಿಂತಿದ್ದ. ಅವನ ಭುಜ ಅಲುಗುತ್ತಿತ್ತು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಹೇವರ್ಡ್ ಇದು ಈಸಾನ ಆಟವೆಂದು ಜಾಗದ ಮಾತನ್ನು ಹಿಂದಕ್ಕೆ ತೆಗೆದುಕೊಂಡಾನು. ಅದಲ್ಲದೆ ಗುರುತು ಸಿಗದೆ ಹೋದ ಮುಸುಕಿನವನು ಬಾಯಿಬಿಡುವ ಹಾಗಿಲ್ಲ.

"ಇರಬಹುದು," ಎಂದೆ. ಬಾಯಿ ಸುಮ್ಮನಿರದೆಂದು ಒಂದು ಇಡೀ ಆಲೂಗಡ್ಡೆ ತುರುಕಿಕೊಂಡೆ.